ಬಡಗಿ ದುಂಬಿ: ಕುಟುಕುವುದು ಹೆಣ್ಣು ಮಾತ್ರ

ಒಣ ಬಿದಿರು, ಮನೆಯ ತೊಲೆ ಮತ್ತು ಬೇಲಿಯ ಕಂಬಗಳನ್ನು ಕೊರೆದು ಗೂಡು ಮಾಡುವ ಕೀಟವೇ ಬಡಗಿ ದುಂಬಿ. ಇದು ಜೀರುಂಡೆಯಲ್ಲ, ಜೇನುನೊಣಗಳ ಕುಟುಂಬಕ್ಕೆ ಸೇರಿದುದು. ಇದರ ಕುಲನಾಮ ಝೈಲೊಕೋಪ. ಗ್ರೀಕ್ ಮೂಲದ ಈ ಪದಕ್ಕೆ ಮರ ಕಡಿಯುವುದು ಎಂಬ ಅರ್ಥವಿದೆ. ಜಗತ್ತಿನಲ್ಲಿ ಈ ಕುಲದ ಸುಮಾರು 500 ಪ್ರಭೇದಗಳಿವೆ.

ದೇಹ ಸ್ವರೂಪ

ಬಡಗಿ ದುಂಬಿಯ ದೇಹ ದಪ್ಪ. ಎದೆಯ ಭಾಗದಲ್ಲಿ ದಟ್ಟವಾದ ರೋಮಗಳಿದ್ದು, ಹೊಟ್ಟೆಯ ಮೇಲ್ಭಾಗ ಬಹುತೇಕ ಬೋಳಾಗಿ ಹೊಳೆಯುತ್ತದೆ. ಮೈತುಂಬ ರೋಮವಿರುವ ಬಂಬಲ್ ಬೀಗಳಿಂದ ಇದನ್ನು ಗುರುತಿಸಲು ಇದೇ ಸುಲಭ ಲಕ್ಷಣ. ಭಾರತದಲ್ಲಿಯೂ ಕಂಡುಬರುವ ಝೈಲೊಕೋಪ ಲ್ಯಾಟಿಪಸ್ ಸುಮಾರು 3.5 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ. ಅದರ ಕಪ್ಪು ರೆಕ್ಕೆಗಳು ಬಿಸಿಲಿನಲ್ಲಿ ನೀಲಿ, ಹಸಿರು, ನೇರಳೆ ಬಣ್ಣಗಳಲ್ಲಿ ಮಿನುಗುತ್ತವೆ. ಕೆಲವು ಪ್ರಭೇದಗಳಲ್ಲಿ ಹೆಣ್ಣಿನ ಎದೆ ಹಳದಿ, ಹೊಟ್ಟೆ ಕಪ್ಪು. ಗಂಡು ಮಾತ್ರ ಪೂರ್ತಿ ಹಳದಿ ಮಿಶ್ರಿತ ಹಸಿರು. ಹೀಗಾಗಿ ಇವೆರಡನ್ನೂ ಬೇರೆ ಬೇರೆ ಜಾತಿಗಳೆಂದು ಭಾವಿಸುವವರುಂಟು.

ಕುಟುಕು

ಕೀಟದ ಕೊಂಡಿಯು ಮೊಟ್ಟೆಯಿಡುವ ಅಂಗದ ಮಾರ್ಪಟ್ಟ ರೂಪ. ಆದ್ದರಿಂದ ಗಂಡು ದುಂಬಿಗೆ ಕೊಂಡಿಯೇ ಇಲ್ಲ. ಮನುಷ್ಯರ ಮುಖದೆದುರು ಗಾಳಿಯಲ್ಲಿ ನಿಂತು ಝೇಂಕರಿಸುತ್ತಾ ಹೆದರಿಸುವುದು ಸಾಮಾನ್ಯವಾಗಿ ತನ್ನ ಎಲ್ಲೆಯನ್ನು ಕಾಯುವ ಈ ಗಂಡೇ. ಹೆಣ್ಣಿಗೆ ಕೊಂಡಿಯಿದ್ದರೂ ಅದು ಶಾಂತಸ್ವಭಾವದ್ದು. ಕೈಯಲ್ಲಿ ಹಿಡಿದಾಗ, ಅದುಮಿದಾಗ ಅಥವಾ ಗೂಡನ್ನು ಕೆಣಕಿದಾಗ ಮಾತ್ರ ಕುಟುಕುತ್ತದೆ. ಜೇನುನೊಣದ ಕೊಂಡಿಯಂತೆ ಇದು ಚರ್ಮದಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಹೀಗಾಗಿ ಹೆಣ್ಣು ದುಂಬಿ ಸಾಯದೆ ಹಲವು ಬಾರಿ ಕುಟುಕಬಲ್ಲುದು.

ಕುಟುಕಿದ ಜಾಗದಲ್ಲಿ ತೀವ್ರ ನೋವು, ಕೆಂಪು ಮತ್ತು ಊತ ಕಾಣಿಸಿಕೊಳ್ಳುತ್ತವೆ. ಸೋಪು, ನೀರಿನಿಂದ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಇಡಬೇಕು. ಬೆರಳಿಗೆ ಕುಟುಕಿದ್ದರೆ ಊತ ಏರುವ ಮೊದಲೇ ಉಂಗುರ ತೆಗೆಯುವುದು ಒಳಿತು. ಉಸಿರಾಟದ ತೊಂದರೆ, ತುಟಿ ಅಥವಾ ನಾಲಿಗೆಯ ಊತ, ಮೈತುಂಬ ದದ್ದು, ತಲೆಸುತ್ತು ಕಂಡುಬಂದರೆ ಅದು ತೀವ್ರ ಅಲರ್ಜಿಯ ಸೂಚನೆ. ಅದು ಪ್ರಾಣಾಪಾಯಕಾರಿ, ಅಡ್ರಿನಲಿನ್ ಚುಚ್ಚುಮದ್ದು ಬೇಕಾಗುವುದರಿಂದ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಗೂಡು ಮತ್ತು ಉಪಯೋಗ

ದುಂಬಿಯು ಮರವನ್ನು ತಿನ್ನುವುದಿಲ್ಲ, ಹುಡಿಯಾಗಿ ಕೊರೆದು ಹೊರಹಾಕುತ್ತದೆ. ಸುರಂಗದೊಳಗಿನ ಪ್ರತಿ ಕೋಣೆಯಲ್ಲೂ ಪರಾಗ, ಮಕರಂದಗಳ ಉಂಡೆಯಿಟ್ಟು ಒಂದು ಮೊಟ್ಟೆಯಿಡುತ್ತದೆ. ಟೊಮೆಟೊ, ಬದನೆಯ ಹೂಗಳನ್ನು ಕಂಪನದಿಂದ ಅಲುಗಿಸಿ ಪರಾಗ ಉದುರಿಸುವ ಶಕ್ತಿ ಇದಕ್ಕಿದೆ. ಪ್ಯಾಶನ್ ಹಣ್ಣಿನ ಬೆಳೆಗಂತೂ ಇದು ಮುಖ್ಯ ಪರಾಗಸ್ಪರ್ಶಿ. ಆದ್ದರಿಂದ ವಿಷ ಸಿಂಪಡಿಸಿ ಕೊಲ್ಲುವುದಕ್ಕಿಂತ, ಮನೆಯ ಮರಕ್ಕೆ ಬಣ್ಣ ಬಳಿದು, ದುಂಬಿಗಳು ತೆರವು ಮಾಡಿದ ತೂತುಗಳನ್ನು ಮುಚ್ಚುವುದು ಸೂಕ್ತ.