ಉಯಿಲಿನ ವಿಧಿ: ಒಂದು ಐತಿಹಾಸಿಕ ಅವಲೋಕನ

ತನ್ನ ಸ್ವತ್ತು ತನ್ನ ತರುವಾಯ ಯಾರಿಗೆ ಸಲ್ಲಬೇಕೆಂದು ಬರೆದಿಡುವ ಪತ್ರವನ್ನು ನಮ್ಮವರು ಉಯಿಲೆಂದೂ ಮೃತ್ಯುಪತ್ರವೆಂದೂ ಮರಣಶಾಸನವೆಂದೂ ಕರೆಯುತ್ತಾರೆ. ಹೆಸರುಗಳು ಮನೆಮಾತಾಗಿದ್ದರೂ ಈ ಪತ್ರವು ಪ್ರಾಚೀನ ಧರ್ಮಶಾಸ್ತ್ರದಿಂದ ಬಂದುದಲ್ಲ. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ದಾಯವಿಭಾಗವನ್ನು ವಿಸ್ತಾರವಾಗಿ ವಿವೇಚಿಸಿದ್ದಾನೆ. ಉಯಿಲಿಗೆ ಅಲ್ಲಿ ಎಡೆಯಿಲ್ಲ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂದ ಮೇಲೆ, ತಂದೆಯು ಅದನ್ನು ತನ್ನ ಮರಣಾನಂತರ ಅನ್ಯರಿಗೆ ಕೊಡುವುದೆಂತು?

ಬ್ರಿಟಿಷರ ನ್ಯಾಯಾಲಯಗಳು ಹಿಂದೂಗಳ ಉಯಿಲನ್ನು ಮಾನ್ಯಮಾಡತೊಡಗಿದ ಬಳಿಕ ಅದರ ರೂಪವಾವುದೆಂಬ ಪ್ರಶ್ನೆ ಎದ್ದಿತು. 1870ರ ಹಿಂದೂ ಉಯಿಲುಗಳ ಅಧಿನಿಯಮವು ಬರಹ, ಸಹಿ ಮತ್ತು ಇಬ್ಬರು ಸಾಕ್ಷಿಗಳನ್ನು ವಿಧಿಸಿತು. ಆದರೆ ಅದು ಮುಖ್ಯವಾಗಿ ಬಂಗಾಳಕ್ಕೂ ಮದರಾಸು, ಮುಂಬಯಿ ನಗರಗಳಿಗೂ ಸೀಮಿತವಾಗಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಜಿಲ್ಲೆಗಳ ಹಿಂದೂವು ಆಗ ಬಾಯಿಮಾತಿನಿಂದಲೂ ಉಯಿಲು ಮಾಡಬಹುದಾಗಿತ್ತು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ ಅನ್ವಯ, 1927ರ ಜನವರಿ 1ರಿಂದ ಈ ನಿಯಮವು ಬ್ರಿಟಿಷ್ ಇಂಡಿಯಾದ ಹಿಂದೂಗಳ ಎಲ್ಲ ಉಯಿಲುಗಳಿಗೂ ವ್ಯಾಪಿಸಿತು. ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ತನಗಿರುವ ಪಾಲನ್ನು ಉಯಿಲಿನಿಂದ ವಿನಿಯೋಗಿಸುವ ಅಧಿಕಾರವು ಮಿತಾಕ್ಷರಾನುಯಾಯಿಗಳಿಗೆ ದೊರೆತುದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಿಂದ.

ವಿಧಿಯು ಸರಳವಾದುದು. ಉಯಿಲು ಬರೆಯುವವರು ಪ್ರಾಪ್ತವಯಸ್ಕರೂ ಸ್ವಸ್ಥಚಿತ್ತರೂ ಆಗಿರಬೇಕು. ಸಾಕ್ಷಿಗಳಿಬ್ಬರೂ ಏಕಕಾಲದಲ್ಲಿ ಉಪಸ್ಥಿತರಿರಬೇಕೆಂದಿಲ್ಲ. ಆದರೆ ಪ್ರತಿಯೊಬ್ಬರೂ ಕರ್ತೃವು ಸಹಿ ಮಾಡುವುದನ್ನು ಕಂಡಿರಬೇಕು, ಇಲ್ಲವೆ ಸಹಿ ತನ್ನದೆಂದು ಕರ್ತೃವೇ ಒಪ್ಪಿದುದನ್ನು ಕೇಳಿರಬೇಕು. ಅನಂತರ ಕರ್ತೃವಿನ ಸಮಕ್ಷದಲ್ಲಿಯೇ ತಾವೂ ಸಹಿ ಮಾಡಬೇಕು. ಛಾಪಾ ಕಾಗದ ಬೇಕಿಲ್ಲ; ನೋಂದಣಿಯೂ ಕಡ್ಡಾಯವಲ್ಲ.

ಇಷ್ಟು ನೆರವೇರಿದರೆ ಸಾಕೆ? ಮೈಸೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಮೊಕದ್ದಮೆಯು ಇದಕ್ಕೆ ಉತ್ತರವನ್ನು ಕೊಟ್ಟಿತು. ಉಯಿಲನ್ನು ಮುಂದಿಟ್ಟವರೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿದ್ದರೆ, ಸಹಿ ನಿಜವೆಂದು ತೋರಿಸಿದ ಮಾತ್ರಕ್ಕೆ ಹೊಣೆ ತೀರದು. ಸಂಶಯಾಸ್ಪದ ಸಂಗತಿಗಳೆಲ್ಲವನ್ನೂ ಅವರು ಪರಿಹರಿಸಬೇಕೆಂದು 1958ರಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರರು ತೀರ್ಪಿತ್ತರು. ಆ ಉಯಿಲು ನಿಲ್ಲಲಿಲ್ಲ.

ಇತರ ದಸ್ತಾವೇಜುಗಳ ಕರ್ತೃವನ್ನು ನ್ಯಾಯಾಲಯಕ್ಕೆ ಕರೆಸಿ ಕೇಳಬಹುದು. ಉಯಿಲು ಮಾತನಾಡುವ ಹೊತ್ತಿಗೆ ಅದರ ಕರ್ತೃವು ಇರುವುದಿಲ್ಲ. ಬಾಯಿಮಾತಿನಿಂದ ಬರಹಕ್ಕೂ, ಬರಹದಿಂದ ಸಾಕ್ಷ್ಯದ ವಿಮರ್ಶೆಗೂ ಕಾನೂನು ನಡೆದುಬಂದ ದಾರಿಗೆ ಇದೇ ಕಾರಣವೆಂದು ನಾವು ಭಾವಿಸುತ್ತೇವೆ. ಇಬ್ಬರು ಸಾಕ್ಷಿಗಳ ನಿಯಮವು ಬರಿಯ ಶಿಷ್ಟಾಚಾರವಲ್ಲ. ಅಗಲಿದವರ ಮಾತನ್ನು ಇದ್ದವರು ತಿದ್ದದಂತೆ ಕಾಯುವ ಕಾವಲು.