ಜೋಗತಿ ಕುಣಿತ

ಬೆಳಗಾವಿ ಜಿಲ್ಲೆಯ ಸವದತ್ತಿ ಎಲ್ಲಮ್ಮನ ಆರಾಧನೆಯೊಂದಿಗೆ ಬೆಳೆದುಬಂದ, ತಲೆಯ ಮೇಲೆ ಕೊಡ ಹೊತ್ತು ಆಡುವ ಜನಪದ ಕುಣಿತ. ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಸೀಮೆಯಿಂದ ಕೊಪ್ಪಳ, ಬಳ್ಳಾರಿಯವರೆಗೆ ಇದರ ಹರವಿದೆ. ದೇವಿಗೆ ಮುಡಿಪಾದ ಗುರುತಾಗಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಜೋಗತಿಯರು ಅಥವಾ ಜೋಗಮ್ಮಗಳು. ಗಂಡಾಗಿ ಹುಟ್ಟಿ, ತನ್ನೊಳಗಿನ ಹೆಣ್ತನವನ್ನು ಎಲ್ಲಮ್ಮನ ಕರೆಯೆಂದು ತಿಳಿದು, ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟವರನ್ನು ಊರವರು ಜೋಗಪ್ಪ ಎನ್ನುತ್ತಾರೆ. ಅವರಲ್ಲಿ ಹಲವರು ತಮ್ಮನ್ನು ಜೋಗತಿ ಎಂದೇ ಕರೆದುಕೊಳ್ಳುತ್ತಾರೆ.

ಎಲ್ಲಮ್ಮನೆಂದು ಪೂಜೆಗೊಳ್ಳುವ ರೇಣುಕೆ ದಿನವೂ ಹೊಳೆಯ ಮರಳಿನಿಂದ ಕೊಡ ಮಾಡಿ, ಹಾವನ್ನು ಸಿಂಬಿಯಾಗಿಸಿ ಗಂಡ ಜಮದಗ್ನಿಗೆ ನೀರು ತರುತ್ತಿದ್ದಳೆಂಬುದು ಪುರಾಣ. ಕುಣಿಯುವವರ ತಲೆಯೇರಿದ ಕೊಡಕ್ಕೆ ಈ ಕಥೆಯೇ ಮೂಲ. ಕೊಡಕ್ಕೆ ಕೈ ತಾಗಿಸುವಂತಿಲ್ಲ. ಚೌಡಿಕೆಯ ಗತಿಗೆ ಸೊಂಟ, ಭುಜ ತಿರುಗಿದರೂ ಕತ್ತು ಅಲುಗದು. ಹಾಗೆಯೇ ಬಾಗಿ ನೆಲದ ನೋಟನ್ನು ತುಟಿಯಿಂದ ಎತ್ತುವುದು ಪಳಗಿದವರ ಪಟ್ಟು. ಚೌಡಿಕೆಯೆಂದರೆ ಒಂದು ಬದಿಗೆ ಚರ್ಮ ಬಿಗಿದ ಮರದ ಕೊಳವೆ. ಚರ್ಮಕ್ಕೆ ಕಟ್ಟಿದ ತಂತಿಯನ್ನು ಮೀಟಿದರೆ ತಾಳ, ನಾದ ಎರಡೂ ಹೊರಡುತ್ತವೆ. ಮಂಗಳವಾರ, ಶುಕ್ರವಾರ ದೇವಿಯ ಹೆಸರಲ್ಲಿ ಮನೆ ಮನೆಗೆ ಹೋಗಿ ಜೋಗ ಬೇಡುವುದು ರೂಢಿ. ಹೊಸ್ತಿಲ ಹುಣ್ಣಿಮೆಗೆ ಎಲ್ಲಮ್ಮ ವಿಧವೆಯಾದಾಗ ಇವರೂ ಬಳೆ ಒಡೆದುಕೊಳ್ಳುತ್ತಾರೆ. ಭಾರತ ಹುಣ್ಣಿಮೆಗೆ ಅವಳು ಮುತ್ತೈದೆಯಾದಾಗ ಮತ್ತೆ ಹಸಿರು ಬಳೆ ತೊಡುತ್ತಾರೆ.

ಗಂಡಸರು ಹೆಣ್ಣಾಗಿ ಕುಣಿಯುವುದು ಬೇರೆ ಕಡೆಯೂ ಉಂಟು. 1974ರಲ್ಲಿ ನ್ಯೂಯಾರ್ಕಿನ ಟ್ರೊಕಡೆರೊ ಬ್ಯಾಲೆ ತಂಡದ ಗಂಡಸರು ಹೆಣ್ಣುಪಾತ್ರಗಳನ್ನು ಆಡಿದರು. ಅದು ವೇಷ, ಆಟ ಮುಗಿದ ಮೇಲೆ ಕಳಚುವಂಥದು. ಜೋಗಪ್ಪನ ಸೀರೆ ಕಳಚುವ ವೇಷವಲ್ಲ, ಬಾಳುವೆ.

ಈ ಪರಂಪರೆಗೆ ನೋವಿನ ಮುಖವೂ ಇದೆ. ಮುತ್ತು ಕಟ್ಟುವ ಹೆಸರಿನಲ್ಲಿ ಬಡ, ಬಹುಪಾಲು ದಲಿತ ಮನೆಗಳ ಎಳೆಯ ಹೆಣ್ಣುಮಕ್ಕಳು ಶೋಷಣೆಗೆ ಬಲಿಯಾದರು. ಇದನ್ನು ತಡೆಯಲು ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ ಕಾನೂನುಗಳು ಬಂದವು. ಮಗುವಿನ ಮೇಲೆ ಹೇರಿದ ಹರಕೆಯನ್ನೂ ತಾನೇ ಅರಿತು ಹೆಣ್ಣಾದವರ ಬದುಕನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. 2014ರಲ್ಲಿ ಸುಪ್ರೀಂ ಕೋರ್ಟ್ ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಕೊಟ್ಟಿತು.

ಅಂಗಳದ ಈ ಕುಣಿತವನ್ನು ನಾಡಿನ ರಂಗಕ್ಕೆ ತಂದವರಲ್ಲಿ ಮಂಜಮ್ಮ ಜೋಗತಿ ಮುಖ್ಯರು. ಬಳ್ಳಾರಿ ಸೀಮೆಯಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಅವರಿಗೆ ಮುತ್ತು ಕಟ್ಟಿದ್ದು ಹುಲಿಗಿಯಲ್ಲಿ. ಕಾಳವ್ವ ಜೋಗತಿಯ ತಂಡದಲ್ಲಿ ಪಳಗಿದ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ನಿವಾಳಿಸಿ ಹರಸಿದರು. ಮನೆ ಮನೆಯ ಹೊಸ್ತಿಲಾಚೆ ನಿಂತು ಬೇಡಿದ ಜೋಗತಿಯ ಸೆರಗು, ಅಂದು ಹೊಸ್ತಿಲ ಒಳಗೆ ನಿಂತು ಹರಸಿತ್ತು.