ವಾಷಿಂಗ್ಟನ್ ವಿಶ್ವವಿದ್ಯಾಲಯ ಸಸ್ಯೋದ್ಯಾನ, ಸಿಯಾಟಲ್

ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದಲ್ಲಿ, ವಾಷಿಂಗ್ಟನ್ ಸರೋವರದ ಯೂನಿಯನ್ ಕೊಲ್ಲಿಯ ಎರಡೂ ಬದಿಗೆ ಹರಡಿರುವ ಸಸ್ಯೋದ್ಯಾನ. ದಕ್ಷಿಣಕ್ಕೆ 230 ಎಕರೆಯ ವಾಷಿಂಗ್ಟನ್ ಪಾರ್ಕ್ ಅರ್ಬೊರೇಟಮ್. ಉತ್ತರಕ್ಕೆ ನಗರ ತೋಟಗಾರಿಕೆ ಕೇಂದ್ರ ಮತ್ತು 74 ಎಕರೆಯ ನಿಸರ್ಗ ಪ್ರದೇಶ. ಅರ್ಬೊರೇಟಮ್‌ನ ನೆಲ ನಗರಾಡಳಿತದ್ದು, ಗಿಡಮರಗಳ ಸಂಗ್ರಹ ವಿಶ್ವವಿದ್ಯಾಲಯದ್ದು. 1934ರಲ್ಲಿ ಆದ ಈ ಒಪ್ಪಂದವೇ ಉದ್ಯಾನದ ಬುನಾದಿ.

ಇದು ಮೊದಲಿನಿಂದ ಜೋಪಾನವಾಗಿ ಉಳಿದುಬಂದ ಕಾಡಲ್ಲ. ಇಲ್ಲಿದ್ದ ಹಳೆಯ ಡಗ್ಲಸ್ ಫರ್, ಸೀಡರ್ ಮರಗಳನ್ನು ಪ್ಯುಜೆಟ್ ಮಿಲ್ ಕಂಪನಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಡಿದು ಸಾಗಿಸಿತ್ತು. ಇಂದು ವಸಂತದಲ್ಲಿ ಬಣ್ಣ ತುಂಬುವ ಅಜೇಲಿಯ ವೇ ಒಂದು ಕಾಲಕ್ಕೆ ಕುದುರೆಗಳನ್ನು ಓಡಿಸುವ ಹಾದಿ. ಓಮ್‌ಸ್ಟೆಡ್ ಸಹೋದರರ ಸಂಸ್ಥೆಯ ಜೇಮ್ಸ್ ಡಾಸನ್ 1936ರಲ್ಲಿ ನಕ್ಷೆ ಸಿದ್ಧಪಡಿಸಿದರು. ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರು ಸರ್ಕಾರದ ಉದ್ಯೋಗ ಯೋಜನೆಯಡಿ ನೆಲ ಹದಗೊಳಿಸಿದರು. 1947ರಿಂದ 1972ರವರೆಗೆ ನಿರ್ದೇಶಕರಾಗಿದ್ದ ಬ್ರಯನ್ ಮಲ್ಲಿಗನ್ ಸಂಗ್ರಹವನ್ನು ಬಹುವಾಗಿ ಬೆಳೆಸಿದರು. ಜಪಾನಿನ ವಿನ್ಯಾಸಕ ಜೂಕಿ ಈಡಾ ರೂಪಿಸಿದ ಜಪಾನಿ ಉದ್ಯಾನ 1960ರಲ್ಲಿ ತೆರೆಯಿತು. ಅದೇ ದಶಕದಲ್ಲಿ 520ನೇ ಹೆದ್ದಾರಿ ಅರ್ಬೊರೇಟಮ್‌ನ ಉತ್ತರ ತುದಿಯ ಜೌಗನ್ನು ಸೀಳಿಕೊಂಡು ಹೋಯಿತು. ಇನ್ನೊಂದು ಹೆದ್ದಾರಿಯೂ ಬರುವುದಿತ್ತು. ಊರಿನವರು ಪಟ್ಟುಬಿಡದೆ ವಿರೋಧಿಸಿ, 1972ರ ಮತದಾನದಲ್ಲಿ ಅದನ್ನು ತಿರಸ್ಕರಿಸಿದರು. ಈ ತೋಟ ಇಂದು ಉಳಿದಿರುವುದರಲ್ಲಿ ಅವರ ಪಾಲು ದೊಡ್ಡದು.

ಸಂಗ್ರಹದ ಸ್ವಭಾವವನ್ನು ನಿರ್ಧರಿಸುವುದು ಹವಾಮಾನ. ಸಿಯಾಟಲ್ ಮಳೆಗೆ ಹೆಸರಾದರೂ ಮಳೆ ಬೀಳುವುದು ಹೆಚ್ಚಾಗಿ ಚಳಿಗಾಲದಲ್ಲಿ. ನಮ್ಮ ಮಲೆನಾಡು ತೊಯ್ದು ತೊಪ್ಪೆಯಾಗುವ ಜುಲೈನಲ್ಲಿ ಅಲ್ಲಿ ನೆಲ ಒಣಗಿರುತ್ತದೆ. ಚಳಿಯೂ ಅಷ್ಟು ಕಟುವಲ್ಲ. ಹಾಗಾಗಿ ಮೇಪಲ್, ಓಕ್, ಮ್ಯಾಗ್ನೋಲಿಯ, ಹಾಲಿ, ಸಾರ್ಬಸ್, ಕ್ಯಾಮೆಲಿಯ, ರೋಡೋಡೆಂಡ್ರಾನ್‌ಗಳು ಇಲ್ಲಿ ಹುಲುಸಾಗಿ ಬರುತ್ತವೆ. ಪೆಸಿಫಿಕ್ ಕನೆಕ್ಷನ್ಸ್ ಭಾಗದಲ್ಲಿ ಚಿಲಿ, ನ್ಯೂಜಿಲೆಂಡ್, ಆಸ್ಟ್ರೇಲಿಯ, ಚೀನಾ ಮತ್ತು ಸ್ಥಳೀಯ ಕ್ಯಾಸ್ಕೇಡಿಯಾದ ಸಸ್ಯಗಳು ಅಕ್ಕಪಕ್ಕದಲ್ಲಿವೆ. ನೋಡುವವರು ಚಳಿಗಾಲದ ಉದ್ಯಾನವನ್ನು ತಪ್ಪಿಸಬಾರದು: ಜನವರಿಯ ಮೋಡದಲ್ಲೂ ವಿಚ್ ಹೇಜಲ್‌ನ ಎಲೆಯಿಲ್ಲದ ಕೊಂಬೆಗಳ ಮೇಲೆ ಸುರುಟಿದ ಹಳದಿ ದಾರದಂಥ ಎಸಳುಗಳು ಬಿಚ್ಚಿಕೊಂಡಿರುತ್ತವೆ. ಸಂಗ್ರಹದ ಗಿಡಗಳಿಗೆ ಸಣ್ಣ ತಗಡಿನ ಚೀಟಿ ಕಟ್ಟಿರುತ್ತಾರೆ. ಅದರಲ್ಲಿ ಹೆಸರಿನ ಜೊತೆ ದಾಖಲೆ ಸಂಖ್ಯೆ, ಸಂಗ್ರಹಕ್ಕೆ ಸೇರಿದ ವರ್ಷ. ಈ ದಾಖಲೆಯೇ ಉದ್ಯಾನವನ್ನು ಬರಿಯ ಪಾರ್ಕಿನಿಂದ ಬೇರ್ಪಡಿಸುತ್ತದೆ. ಮೂಲ ಗೊತ್ತಿಲ್ಲದ ಮರ ಎಷ್ಟೇ ಚೆಂದವಿದ್ದರೂ ಸಂಶೋಧಕನಿಗೆ ಅರ್ಧ ಮಾತ್ರ ಉಪಯೋಗ.

ಉತ್ತರ ದಡದ ಕತೆ ಇನ್ನೂ ವಿಚಿತ್ರ. ಹಡಗು ಕಾಲುವೆಗಾಗಿ 1916ರಲ್ಲಿ ಸರೋವರದ ಮಟ್ಟವನ್ನು ಸುಮಾರು ಒಂಬತ್ತು ಅಡಿ ಇಳಿಸಿದಾಗ ಅಲ್ಲಿ ಜೌಗು ಮೇಲೆದ್ದಿತು. ನಗರ 1926ರಿಂದ ನಾಲ್ಕು ದಶಕ ಅಲ್ಲಿಗೆ ಕಸ ಸುರಿಯಿತು. ಮಣ್ಣು ಮುಚ್ಚಿದ ಆ ಗುಡ್ಡೆ ಈಗ ಹುಲ್ಲುಗಾವಲು, ಕೊಳ, ಹಕ್ಕಿಗಳ ನೆಲೆ. ಹಾಳಾದ ನೆಲವನ್ನು ಚೇತರಿಸುವುದು ಹೇಗೆಂದು ವಿದ್ಯಾರ್ಥಿಗಳು ಕಲಿಯುವುದೂ ಅಲ್ಲೇ. ಪಕ್ಕದ ನಗರ ತೋಟಗಾರಿಕೆ ಕೇಂದ್ರದ ಮೆರಿಲ್ ಹಾಲ್‌ಗೆ 2001ರ ಮೇ 21ರಂದು ಅರ್ಥ್ ಲಿಬರೇಷನ್ ಫ್ರಂಟ್ ಎಂಬ ಗುಂಪು ಬೆಂಕಿ ಹಚ್ಚಿತು. ಪಾಪ್ಲರ್ ಮರಗಳ ತಳಿ ಸಂಶೋಧನೆ ಅವರ ಗುರಿ. ಆದರೆ ವರ್ಷಗಳ ಪರಿಶ್ರಮದ ಬೇರೆ ಕೆಲಸಗಳೂ ಬೂದಿಯಾದವು; ಪ್ರಕೃತಿಯ ಹೆಸರಿನಲ್ಲಿ ನಡೆದ ಈ ಕೃತ್ಯಕ್ಕೆ ಸಮರ್ಥನೆಯೇ ಇಲ್ಲ. ಕಟ್ಟಡ ಮತ್ತೆ ಎದ್ದಿತು. ಎಲಿಸಬೆತ್ ಮಿಲ್ಲರ್ ಗ್ರಂಥಾಲಯ, ಹೈಡ್ ಹರ್ಬೇರಿಯಂ ಮತ್ತು ರಾಜ್ಯದ ಅಪರೂಪದ ಸಸ್ಯಗಳ ಬೀಜ ಕಾಪಿಡುವ ಭಂಡಾರ ಈಗ ಈ ಕೇಂದ್ರದಲ್ಲಿವೆ.